ಪಿಸುಗುಡುವ ರಾಡಾರ್

2025 ಜುಲೈ 2, ಬುಧವಾರ

ಈ ನೋಟ್‌ಬುಕ್ಕಿನಲ್ಲಿ ನನ್ನ ವಿಷಯ ಬರೆಯುವುದಿಲ್ಲ. ಇದನ್ನು ತಂದದ್ದು ಗುರಪ್ಪನಿಗಾಗಿ. ಅವನು ಎಷ್ಟು ಗಂಟೆಗೆ ದವಾಖಾನೆಯ ಬಾಗಿಲು ತೆಗೆಯುತ್ತಾನೆ, ಎಷ್ಟು ಜನರಿಗೆ ಸೂಜಿ ಚುಚ್ಚುತ್ತಾನೆ, ಖಾಲಿ ಬಾಟಲಿಗಳನ್ನು ಎಲ್ಲಿ ಎಸೆಯುತ್ತಾನೆ, ಅಷ್ಟೇ ಇದರಲ್ಲಿ ಬರಬೇಕು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ರಾಡಾರ್ ಮುಂದೆ ಕೂತು ಕಲಿತದ್ದು ಒಂದೇ. ಹೊಡೆಯುವುದು ಕೊನೆಯ ಕೆಲಸ. ಅದಕ್ಕಿಂತ ಮೊದಲು ಬಹಳ ಹೊತ್ತು ನೋಡಬೇಕು.

ಬೆಳಿಗ್ಗೆ ಶಹಾಪುರದಿಂದ ಸುರಪುರದ ಬಸ್ಸು ಹಿಡಿದೆ. ಗುರಪ್ಪನ ದವಾಖಾನೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದೆ. ಎದುರಿಗೆ ಯೂನುಸನ ಚಹದ ಅಂಗಡಿ. ಮೂಲೆಯ ಬೆಂಚಿನಲ್ಲಿ ಕೂತರೆ ಒಳಗಿನ ಮೇಜು, ಕುರ್ಚಿ, ಅವನ ಮುಖ ಎಲ್ಲ ಕಾಣುತ್ತದೆ. ಒಂಬತ್ತರಿಂದ ಒಂದರವರೆಗೆ ಮೂವತ್ತೊಂದು ಜನ ಬಂದರು. ಇಪ್ಪತ್ತೆರಡು ಸೂಜಿ. ಎಲ್ಲರ ಮುಂದೂ ನಗುತ್ತಾನೆ. ಚುಚ್ಚಿದ ಜಾಗವನ್ನು ತಾನೇ ಹತ್ತಿಯಿಂದ ತಿಕ್ಕುತ್ತಾನೆ. ಆ ಬೆರಳುಗಳನ್ನು ಒಂದೊಂದಾಗಿ ಮುರಿದರೆ ಎಷ್ಟು ಹೊತ್ತು ಹಿಡಿದೀತು ಎಂದು ಯೋಚಿಸಿದೆ. ಬರೆಯಲು ನಾಚಿಕೆಯಿಲ್ಲ. ಇದನ್ನು ಓದುವವರು ಯಾರೂ ಇಲ್ಲ.

ಅವನು ಡಾಕ್ಟರ್ ಅಲ್ಲ. ಒಬ್ಬ ಡಾಕ್ಟರ ಕೈಕೆಳಗೆ ಹದಿನೈದು ವರ್ಷ ಕಂಪೌಂಡರ್ ಆಗಿದ್ದ. ಅವರು ತೀರಿಕೊಂಡ ಮೇಲೆ ಅದೇ ಬಾಗಿಲನ್ನು ತಾನು ತೆಗೆದ. ಊರು ಅವನನ್ನು ಡಾಕ್ಟರ್ ಅನ್ನುತ್ತದೆ.

ಹೋದ ವರ್ಷ ಮಾರ್ಚಿನಲ್ಲಿ ನನ್ನ ಮಗಳು ಉಮಾಶ್ರೀಗೆ ಐದು ವರ್ಷ. ನನ್ನ ಹೆಂಡತಿ ಕಸ್ತೂರಿ ಆಗ ಸುರಪುರದ ಶಾಲೆಯಲ್ಲಿ ಟೀಚರ್. ಮಗುವಿಗೆ ಜ್ವರ ಬಂತು. ಗುರಪ್ಪ ಐದು ದಿನ, ದಿನಕ್ಕೆರಡರಂತೆ ಹತ್ತು ಸೂಜಿ ಚುಚ್ಚಿದ. ಜ್ವರ ಹೋಯಿತು. ಹದಿನೈದು ದಿನದ ಮೇಲೆ ಬೆನ್ನ ಹಿಂದೆ ತಾಮ್ರದ ಕೊಡ ಬಿದ್ದರೂ ಅವಳು ತಿರುಗಿ ನೋಡಲಿಲ್ಲ. ಕಲಬುರಗಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಔಷಧದ ಹೆಸರು ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಔಷಧ ಕೆಲವು ಮಕ್ಕಳ ಕಿವಿಯ ನರವನ್ನೇ ಸುಡುತ್ತದೆ, ಸುಟ್ಟದ್ದು ಮತ್ತೆ ಚಿಗುರುವುದಿಲ್ಲ ಎಂದರು.

ಗುರಪ್ಪನಿಗೆ ಇದು ಗೊತ್ತಿಲ್ಲ. ಗೊತ್ತು ಮಾಡಿಸುತ್ತೇನೆ.

ಜುಲೈ 7, ಸೋಮವಾರ

ಯಾದಗಿರಿಯಲ್ಲಿ ಮಾತಿನ ಪಾಠ. ಸೋಮವಾರ ಮತ್ತು ಗುರುವಾರ ಖುರ್ಷೀದಬೇಗಂ ಟೀಚರ ಮನೆಗೆ ಮಗಳನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಜನವರಿಯಲ್ಲಿ ಸರ್ವಿಸ್ ಮುಗಿಸಿ ಬಂದ ಮೇಲೆ ನನಗೆ ಬೇರೆ ಕೆಲಸವೂ ಇಲ್ಲ. ಕಸ್ತೂರಿಗೆ ಈಗ ವನದುರ್ಗದ ಶಾಲೆ, ಬೆಳಿಗ್ಗೆ ಎಂಟಕ್ಕೇ ಹೊರಡುತ್ತಾಳೆ. ಎರಡೂ ಕಿವಿಗೆ ಮಷಿನ್ ಹಾಕಿದರೂ ಉಮಾಶ್ರೀಗೆ ಕೇಳುವುದು ಅರ್ಧಂಬರ್ಧ. ಉಳಿದದ್ದನ್ನು ತುಟಿ ನೋಡಿ ತುಂಬಿಕೊಳ್ಳಬೇಕು. ಕಲಿತಿದ್ದ ಮಾತನ್ನು ಕಾಪಾಡಿಕೊಳ್ಳಬೇಕು, ಬಿಟ್ಟರೆ ಅದೂ ಸವೆಯುತ್ತದೆ ಎನ್ನುತ್ತಾರೆ ಟೀಚರು.

"ಸರ್, ನಿಮ್ಮ ಮೀಸಿ ತುಟಿ ಮುಚ್ಚ್ಯಾವ. ಕೂಸಿಗೆ ಏನ್ ಕಾಣಬೇಕ್ರಿ?" ಎಂದರು.

ನಕ್ಕುಬಿಟ್ಟೆ. ಇಪ್ಪತ್ತು ವರ್ಷದ ಮೀಸೆ.

ಬಸ್ಸಿನಲ್ಲಿ ಅವಳು ಕೇಳಿದಳು. "ಅಪ್ಪಾ, ನೀ ಮಿಲಿಟರ್ಯಾಗ ಏನ್ ಮಾಡ್ತಿದ್ದಿ?"

"ರಾಡಾರ್ ನೋಡ್ತಿದ್ದೆ."

"ಏನು?"

"ರಾಡಾರ್."

ಮೂರು ಸಲ ಹೇಳಿದೆ. ಆ ಶಬ್ದ ನಾಲಿಗೆಯ ಮೇಲೇ ಮುಗಿದುಹೋಗುತ್ತದೆ, ತುಟಿಗೆ ಬರುವುದೇ ಇಲ್ಲ. ಕೊನೆಗೆ ಅವಳ ಅಂಗೈ ಮೇಲೆ ಬೆರಳಿನಿಂದ ಬರೆದೆ. ಓದಿದಳು. ಅದೇನು ಎಂದು ಕೇಳಿದಳು. ಮನೆಗೆ ಹೋಗಿ ಹೇಳುತ್ತೇನೆ ಎಂದೆ. ನನ್ನ ತಲೆಯಲ್ಲಿ ಗುರಪ್ಪನಿದ್ದ. ನಿನ್ನೆ ಅವನ ದವಾಖಾನೆಯ ಹಿಂದಿನ ಚರಂಡಿಯಲ್ಲಿ ಹನ್ನೊಂದು ಖಾಲಿ ಬಾಟಲಿ ಸಿಕ್ಕಿವೆ. ಅದೇ ಔಷಧ.

ಜುಲೈ 9, ಬುಧವಾರ

ಶಾಲೆಯಿಂದ ಬಂದವಳೇ ಮತ್ತೆ ಕೇಳಿದಳು. ಗೋಡೆಯ ಗೂಡಿನಲ್ಲಿದ್ದ ಕನ್ನಡಿ ತಂದು ಅಂಗಳದ ಬಿಸಿಲಿಗೆ ಹಿಡಿದೆ. ಬೇವಿನ ಮರದ ನೆರಳಿನಲ್ಲಿ ಕಾಗೆಯೊಂದು ಕೂತಿತ್ತು. ಕನ್ನಡಿಯ ಬೆಳಕನ್ನು ಮರದ ತುಂಬ ಆಡಿಸಿ ಅದರ ಮೇಲೆ ತಂದೆ. ಕಾಗೆ ಹಾರಿಹೋಯಿತು.

"ಬೆಳಕು ಹೋಗಿ ಕಾಗಿಗೆ ಬಡೀತು, ತಿರುಗಿ ನಮ್ಮ ಕಣ್ಣಿಗೆ ಬಂತು. ಆವಾಗ ಅಲ್ಲಿ ಕಾಗಿ ಅದ ಅಂತ ನಮಗ ಗೊತ್ತಾತು. ರಾಡಾರೂ ಹಂಗ. ಕಣ್ಣಿಗೆ ಕಾಣಲಾರದ ಬೆಳಕು ಬಿಡ್ತದ, ದೂರದ ವಿಮಾನಕ್ಕ ಬಡಿದು ವಾಪಸ್ ಬರ್ತದ."

"ಕಾಗಿಗೂ ಗೊತ್ತಾತಲ್ಲ."

"ಹೌದು. ನಮಗಿಂತ ಮೊದಲ ಅದಕ್ಕ ಗೊತ್ತಾಗ್ತದ. ಅದಕ್ಕ ಹಾರಿ ಹೋತು. ವೈರಿ ವಿಮಾನ ಆಗಿದ್ರ ಬೆಳಕು ಬಂದ ದಾರಿ ಹಿಡಿದು ತಿರುಗಿ ನಮ್ಮನ್ನೇ ಹೊಡೀತದ."

"ಅದಕ್ಕ ಗೊತ್ತಾಗಲಾರದಂಗ ನೋಡಾಕ ಬರಂಗಿಲ್ಲೇನು?"

ಬರುತ್ತದೆ. ನಾನು ಕಡೆಯ ಆರು ವರ್ಷ ನೋಡಿಕೊಂಡದ್ದು ಅಂಥದ್ದನ್ನೇ. ಹೊಸದಾಗಿ ಸೇರಿದ ಹುಡುಗರಿಗೆ ಬೋರ್ಡಿನ ಮೇಲೆ ಗೆರೆ ಎಳೆದು ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಆರು ವರ್ಷದ ಹುಡುಗಿಗೆ ಹೇಗೆ ಹೇಳುವುದೋ ತಿಳಿಯಲಿಲ್ಲ. ಕನ್ನಡಿ ಒಳಗಿಟ್ಟು ಬಂದೆ.

ಜುಲೈ 16, ಬುಧವಾರ

ಸುರಪುರ. ಇಪ್ಪತ್ತಾರು ಜನ, ಹತ್ತೊಂಬತ್ತು ಸೂಜಿ. ಬಾಟಲಿ ಒಟ್ಟು ಇಪ್ಪತ್ತಾರಾದವು. ಯಾರಿಗೂ ಚೀಟಿ ಬರೆದುಕೊಡುವುದಿಲ್ಲ, ಎಲ್ಲ ಬಾಯಿಯಿಂದ. ಏನು ಹೇಳುತ್ತಾನೆ ಎಂಬುದು ಇಲ್ಲಿಗೆ ಕೇಳುವುದಿಲ್ಲ.

ಯೂನುಸ ಕೇಳಿದ. "ಯಾವ ಊರು ಸಾಬ್ ನಿಮ್ಮದು? ವಾರ ವಾರ ಬರ್ತೀರಿ."

"ಜಾಗ ನೋಡಾಕ ಬಂದೀನಿ, ಅಂಗಡಿ ಹಾಕಬೇಕಂತ ಮಾಡೀನಿ," ಎಂದೆ. ನಂಬಿದ.

ಜುಲೈ 20, ಭಾನುವಾರ

ಸಿಕ್ಕಿತು. ಅವಳಿಗೆ ಹೇಳುವ ದಾರಿ ಸಿಕ್ಕಿತು, ಹೊರಸಿನಲ್ಲಿ.

ಅಂಗಳದಲ್ಲಿ ಪಟ್ಟಿ ಹೆಣೆದ ಹೊರಸಿನ ಮಂಚ ಹಾಕಿ ಕಸ್ತೂರಿಯನ್ನೂ ಉಮಾಶ್ರೀಯನ್ನೂ ಅದರ ಎರಡು ಕಡೆ ಕೂರಿಸಿ, ಕಣ್ಣು ಮುಚ್ಚಿ ಅಂಗೈಯನ್ನು ಅದರ ಪಟ್ಟಿಯ ಮೇಲಿಡಲು ಹೇಳಿದೆ. ಅದಕ್ಕೆ ಮೊದಲು ಉಮಾಶ್ರೀಗೆ ಮಾತ್ರ ಗುಟ್ಟಾಗಿ ಒಂದು ಲೆಕ್ಕ ಹೇಳಿದ್ದೆ: ಒಂದು, ಎರಡು, ಒಂದು, ಮೂರು. ಆಮೇಲೆ ಎಡಗೈಯಿಂದ ಹೊರಸನ್ನು ಸುಮ್ಮನೆ ಅಲುಗಾಡಿಸುತ್ತ ಬಲಗೈಯ ಬೆರಳಿನಿಂದ ಅದೇ ಲೆಕ್ಕವನ್ನು ಬಹಳ ಮೆಲ್ಲಗೆ ಬಡಿದೆ. ನಿಲ್ಲಿಸಿ ನಿಲ್ಲಿಸಿ, ಬಹಳ ಹೊತ್ತು.

"ನನಗ ಬರೀ ಅಲುಗಾಡಿದ್ದು ಗೊತ್ತಾತು," ಎಂದಳು ಕಸ್ತೂರಿ.

"ಲೆಕ್ಕ ನಾಕು ಸಲ ಬಂತು," ಎಂದಳು ಉಮಾಶ್ರೀ. ಸರಿಯಾಗಿತ್ತು.

ಆಗ ಹೇಳಿದೆ. ಅವಳ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ. ಕನ್ನಡಿಯಂಥ ರಾಡಾರ್ ಒದರುತ್ತದೆ, ಅದಕ್ಕೇ ಸಿಕ್ಕಿಬೀಳುತ್ತದೆ. ಈ ಇನ್ನೊಂದು ರಾಡಾರ್ ಒದರುವುದಿಲ್ಲ, ಪಿಸುಗುಡುತ್ತದೆ. ಒಂದೇ ದನಿಯಲ್ಲಲ್ಲ, ಸಾವಿರ ದನಿಯಲ್ಲಿ ಚೂರು ಚೂರಾಗಿ. ಯಾವ ಚೂರಿನ ಹಿಂದೆ ಯಾವ ಚೂರು ಎಂಬ ಲೆಕ್ಕ ಅದಕ್ಕೊಂದಕ್ಕೇ ಗೊತ್ತು. ಪಿಸುಮಾತು ವೈರಿಯ ಮೈಗೆ ತಾಗುತ್ತದೆ, ಆದರೆ ಅವನು ಗಾಳಿ ಅಂದುಕೊಳ್ಳುತ್ತಾನೆ. ನಮಗೆ ವಾಪಸ್ ಬರುವುದು ಅದಕ್ಕಿಂತಲೂ ಸಣ್ಣದು. ಲೆಕ್ಕ ಗೊತ್ತಿರುವುದರಿಂದ ನಾವು ಚೂರುಗಳನ್ನು ಒಂದೊಂದಾಗಿ ಆರಿಸಿ, ತಾಳ್ಮೆಯಿಂದ ಕೂಡಿಸಿ, ಅಲ್ಲಿ ಯಾರಿದ್ದಾರೆ ಎಂದು ತಿಳಿದುಕೊಳ್ಳುತ್ತೇವೆ.

ಉಮಾಶ್ರೀ ಹೊರಸಿನ ಪಟ್ಟಿ ಸವರಿದಳು. ಆಮೇಲೆ ಕೇಳಿದಳು. "ಹಂಗಾದ್ರ ಎಲ್ಲಾರೂ ನನಗ ಅದೇ ರಾಡಾರ್ ಹಚ್ಚ್ಯಾರೇನು?"

"ಅಂದ್ರ?"

"ಎಲ್ಲಾರೂ ಮಾತಾಡ್ತಾರ. ನನಗ ಗಾಳಿ ಆಗ್ತದ. ಅವರಿಗೆ ಲೆಕ್ಕ ಗೊತ್ತದ, ನನಗ ಗೊತ್ತಿಲ್ಲ."

ಕಸ್ತೂರಿ ಎದ್ದು ಒಳಗೆ ಹೋದಳು.

ಎಂಥ ತಲೆ ನನ್ನ ಮಗಳದು. ಎಷ್ಟು ಬೇಗ ಹಿಡಿದಳು. ಆಗಲೇ ನನಗೆ ಹೊಳೆದದ್ದು: ಗುರಪ್ಪ ಆಡುವ ಮಾತು ಬೆಂಚಿನಲ್ಲಿ ಕೂತ ನನಗೆ ಕೇಳುವುದಿಲ್ಲ. ಇವಳಿಗೆ ಕೇಳಬೇಕಾಗಿಯೇ ಇಲ್ಲ. ಇವಳು ತುಟಿ ಓದುತ್ತಾಳೆ.

ಜುಲೈ 24, ಗುರುವಾರ

ಉಮಾಶ್ರೀಯನ್ನು ಯಾದಗಿರಿಯ ಬದಲು ಸುರಪುರದ ಬಸ್ಸು ಹತ್ತಿಸಿದೆ. ಒಂದು ಪಾಠ ತಪ್ಪಿದರೆ ಏನೂ ಆಗುವುದಿಲ್ಲ. ಅಮ್ಮನಿಗೆ ಹೇಳಬೇಡ ಎಂದೆ. ತಲೆಯಾಡಿಸಿದಳು. ಆ ಮನುಷ್ಯ ಯಾರೆಂದು ಅವಳಿಗೆ ಹೇಳಲಿಲ್ಲ. ಆಟವೊಂದಿದೆ, ಅವನ ತುಟಿ ನೋಡಿ ಏನನ್ನುತ್ತಾನೆಂದು ನನಗೆ ಹೇಳಬೇಕು ಎಂದೆ.

ಯೂನುಸ ಅವಳಿಗೆ ಬಿಸ್ಕೀಟು ಕೊಟ್ಟ. ತಿನ್ನಲಿಲ್ಲ, ಕೈಯಲ್ಲೇ ಹಿಡಿದು ಕೂತಳು. ಒಂದು ಪುಟ್ಟ ಹುಡುಗಿಯನ್ನು ಮೇಜಿನ ಮೇಲೆ ಕೂರಿಸಿ ಗುರಪ್ಪ ಸಿರಿಂಜಿಗೆ ಔಷಧ ತುಂಬುತ್ತಿದ್ದ.

"ಅಂಜಬ್ಯಾಡ ಅಂತಾನ. ಕಣ್ ಮುಚ್ಚು ಅಂತಾನ. ಇರುವಿ ಕಚ್ಚಿದಂಗ, ಅಷ್ಟ ಅಂತಾನ."

ಅವನ ತುಟಿ ಮುಗಿಯುವ ಮೊದಲೇ ಹೇಳಿಬಿಟ್ಟಳು. ಇಷ್ಟು ಚುರುಕಾಗಿ ಓದುತ್ತಾಳೆಂದು ನಾನೂ ತಿಳಿದಿರಲಿಲ್ಲ.

ಬಸ್ಸಿನಲ್ಲಿ ಕೇಳಿದಳು. "ಅವ ವೈರಿ ಏನಪ್ಪಾ?"

"ಹೌದು."

"ರಾಡಾರಿಗೆ ಯಾರು ವೈರಿ, ಯಾರು ಅಲ್ಲ ಅಂತ ಗೊತ್ತಾಗ್ತದೇನು?"

"ಅದಕ್ಕೇನೂ ಗೊತ್ತಾಗಂಗಿಲ್ಲ. ಅದರ ಮುಂದ ಕುಂತವರಿಗೆ ಗೊತ್ತಿರಬೇಕು."

ಜುಲೈ 31, ಗುರುವಾರ

ಇಪ್ಪತ್ತೆಂಟು ಜನ, ಇಪ್ಪತ್ತು ಸೂಜಿ. ಒಬ್ಬ ಮುದುಕನಿಗೆ ಹೇಳಿದ್ದು: "ದೊಡ್ಡ ಆಸ್ಪತ್ರಿಗೆ ಹೋಗಿ ಏನ್ ಮಾಡ್ತಿ, ನಾನ ಅದೀನಲ್ಲ." ಇದು ಬೇಕಾಗಿತ್ತು. ತಾರೀಖು, ಸಮಯ ಬರೆದುಕೊಂಡೆ.

ಆಗಸ್ಟ್ 4, ಸೋಮವಾರ

ಮೂವತ್ತನಾಲ್ಕು ಜನ. ಬಾಟಲಿ ಒಟ್ಟು ನಲವತ್ತೇಳು. ಬೇಗಂ ಟೀಚರು ಎರಡು ಸಲ ಫೋನ್ ಮಾಡಿದ್ದರು. ಮಗುವಿಗೆ ಹುಷಾರಿಲ್ಲ ಎಂದೆ.

ಆಗಸ್ಟ್ 11, ಸೋಮವಾರ

ಉಮಾಶ್ರೀ ಇತ್ತೀಚೆಗೆ ಮನೆಯಲ್ಲಿ ಹೆಚ್ಚು ಮಾತಾಡುವುದಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ. ಸುಮ್ಮನಿದ್ದು ನೋಡುವುದನ್ನು ಕಲಿತಿದ್ದಾಳೆ. ಈ ಕೆಲಸಕ್ಕೆ ಅದೇ ಬೇಕು.

ಆಗಸ್ಟ್ 14, ಗುರುವಾರ

ಗುರಪ್ಪನ ಮೇಲೆ ಆರೋಗ್ಯ ಇಲಾಖೆಗೆ ಕೊಡುವ ಅರ್ಜಿಗೆ ಇಂಥದ್ದೇ ಇನ್ನೊಂದು ಮಗು ಬೇಕಾಗಿತ್ತು, ಸಿಕ್ಕಿತು. ಅದೇ ಓಣಿಯ ತುದಿಯಲ್ಲಿ ದಾವಲಬೀ ಎಂಬ ಹೆಂಗಸಿದ್ದಾಳೆ, ಹಳೆ ಬಟ್ಟೆಯ ಕೌದಿ ಹೊಲಿಯುತ್ತಾಳೆ. ಅವಳ ಮಗಳು ಗುಡ್ಡಿಗೆ ನಾಲ್ಕು ವರ್ಷ, ಕರೆದರೆ ತಿರುಗುವುದಿಲ್ಲ. ಗುರಪ್ಪ ಚಳಿಗಾಲದಲ್ಲಿ ಎಂಟು ಸೂಜಿ ಮಾಡಿದ್ದನಂತೆ. ಕಾಗದ ಮುಂದಿಟ್ಟು ಸಹಿ ಕೇಳಿದೆ.

"ಬ್ಯಾಡ್ರಿ ಸಾಬ್ರ. ಆತಗ ಕೆಟ್ಟ ಅನಬ್ಯಾಡ್ರಿ. ನಮ್ಮ ಅತ್ತಿಗೆ ಉಸುರು ಕಟ್ಟಿದಾಗ ಮಳ್ಯಾಗ ತೊಯಿಸಿಕೊಂಡು ಓಡಿ ಬಂದಾನ. ಯಾರ್ ಬರ್ತಾರ್ರಿ ನಮ್ಮ ಮನಿಗೆ?"

ಅರ್ಧ ಗಂಟೆ ಮೆತ್ತಗೆ ಹೇಳಿದೆ. ಕೇಳಲಿಲ್ಲ. ಆಮೇಲೆ ಮೆತ್ತಗೆ ಹೇಳಲಿಲ್ಲ.

"ನಿನ್ನ ಮಗಳ ಕಿವಿ ಹೋಗಿದ್ದು ನಿನ್ನಿಂದ. ಆಕಿನ್ನ ಎತ್ಕೊಂಡು ಅವನ ಬಾಗಲಿಗೆ ಹೋದಾಕಿ ನೀನು. ಈಗ ಒಂದು ಹೆಬ್ಬಟ್ಟು ಒತ್ತಂಗಿಲ್ಲಂದ್ರ ಎಂಥ ತಾಯಿ ನೀ?"

ಕೈಯಲ್ಲಿದ್ದ ಸೂಜಿದಾರ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಹೆಬ್ಬೆಟ್ಟನ್ನು ನಾನೇ ಹಿಡಿದು ಶಾಯಿಗೆ ಅದ್ದಿದೆ. ಗುರುತು ಸ್ವಲ್ಪ ಅಲುಗಾಡಿ ಮೂಡಿದೆ. ನಡೆಯುತ್ತದೆ.

ಉಮಾಶ್ರೀ ಪಕ್ಕದಲ್ಲೇ ಇದ್ದಳು. ದಾರಿಯಲ್ಲಿ ಕೇಳಿದಳು. "ಆಕೀಗೆ ಏನಂದಿ?"

"ಸೈನ್ ಮಾಡು ಅಂದೆ."

ಬಸ್ಸು ಬರುವವರೆಗೂ ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದಳು.

ಆಗಸ್ಟ್ 19, ಮಂಗಳವಾರ

ಬೇಗಂ ಟೀಚರು ಕಸ್ತೂರಿಗೇ ಫೋನ್ ಮಾಡಿದ್ದಾರೆ. ಸಂಜೆ ಶಾಲೆಯಿಂದ ಬಂದವಳು ಚೀಲ ಇಳಿಸಲಿಲ್ಲ.

"ಸೋಮಾರ, ಗುರುವಾರ ಕೂಸನ್ನ ಎಲ್ಲಿಗೆ ಒಯ್ತಿದ್ರಿ?"

"ಸುರಪುರಕ್ಕ."

"ಯಾಕ?"

"ಅವನ್ನ ಹಿಡೀಲಿಕ್ಕ. ನಿನ್ನ ಮಗಳ ಸಲುವಾಗಿ."

"ಆಕಿ ಸಲುವಾಗಿ ಆಗಿದ್ರ ಯಾದಗಿರಿಗೆ ಒಯ್ತಿದ್ರಿ. ಎಂಟು ಪಾಠ ತಪ್ಪ್ಯಾವ. ಆಕಿ ಮಾತಿನ ಕಡೀ ಅಕ್ಷರ ನುಂಗಾಕತ್ತಾಳ. ಮನಿ ಅನ್ನಾಕ ಬರೀ ಮ ಅಂತಾಳ. ನಿಮಗ ಕೇಳಸವಲ್ದೇನು?"

"ಒಂದ್ ತಿಂಗಳು ತಡಿ. ಅರ್ಜಿ ಕೊಡೂದು ಅದ."

"ನಿಮಗ ಆಕಿ ಮಗಳಲ್ರಿ. ನಿಮ್ಮ ಮಷಿನ್ ಆಗ್ಯಾಳ."

ಆಮೇಲೆ ಇನ್ನೊಂದು ಮಾತು ಅಂದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಆಗಸ್ಟ್ 21, ಗುರುವಾರ

ಯಾದಗಿರಿಗೆ ಹೋಗಿ ಅರ್ಜಿ ಕೊಟ್ಟೆ. ಹದಿನಾರು ಹಾಳೆ, ಐವತ್ತೆಂಟು ಬಾಟಲಿ, ದಾವಲಬೀಯ ಹೆಬ್ಬೆಟ್ಟು. ಅಧಿಕಾರಿ ಹಾಳೆ ತಿರುವಿ, "ಪೊಲೀಸರೂ ಇಷ್ಟು ಬರಿಯೂದಿಲ್ರಿ," ಎಂದರು. ಸಂತೋಷವಾಯಿತು. ಹೋಗುವಾಗ ಉಮಾಶ್ರೀಯನ್ನು ಪಾಠಕ್ಕೆ ಬಿಟ್ಟಿದ್ದೆ. ವಾಪಸ್ ಹೋದಾಗ ಟೀಚರು ಅವಳ ಕೈಯನ್ನು ತಮ್ಮ ಗಂಟಲ ಮೇಲಿಟ್ಟುಕೊಂಡು "ನೀ, ನೀ, ಮನಿ" ಎಂದು ಹೇಳಿಸುತ್ತಿದ್ದರು. ಹದಿನೈದು ಸಲ ಹೇಳಿಸಿದರು. ಬಾಗಿಲ ಹೊರಗೆ ನಿಂತು ಎಣಿಸಿದೆ.

ಆಗಸ್ಟ್ 25, ಸೋಮವಾರ

ಯಾದಗಿರಿ. ಪಾಠಕ್ಕೆ ಮೊದಲು ಬಸ್ ನಿಲ್ದಾಣದ ಎದುರಿನ ಕಟಿಂಗ್ ಅಂಗಡಿಯಲ್ಲಿ ಮೀಸೆ ತೆಗೆಸಿದೆ. ಸೆಕೆ ಬಹಳ.

ಗುರಪ್ಪ ಇನ್ನೂ ನಗುತ್ತಿರಬೇಕು. ನಗಲಿ.

ಸೆಪ್ಟೆಂಬರ್ 1, ಸೋಮವಾರ

ಅರ್ಜಿ ಕೊಟ್ಟ ಕಚೇರಿಯಿಂದ ಫೋನ್ ಬಂತು, ದಾಳಿಯ ದಿನ ಹೇಳಿದರು. ಬುಧವಾರ.

ಸೆಪ್ಟೆಂಬರ್ 3, ಬುಧವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಉಮಾಶ್ರೀಯನ್ನು ಶಾಲೆಯಿಂದ ಕೇಳಿ ಕರೆದುಕೊಂಡೆ. ಅವಳು ನೋಡಬೇಕು ಎಂಬುದು ನನ್ನ ಆಸೆ. ಕಸ್ತೂರಿಗೆ ಹೇಳಲಿಲ್ಲ. ಹತ್ತೂವರೆಗೆ ಯೂನುಸನ ಬೆಂಚಿನಲ್ಲಿ ಕೂತೆವು. ಹನ್ನೊಂದಕ್ಕೆ ಎರಡು ಜೀಪು ಬಂದವು.

ಒಳಗಿದ್ದ ರೋಗಿಗಳನ್ನು ಹೊರಗೆ ಕಳಿಸಿದರು. ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿದರು. ಗುರಪ್ಪ ಎದುರಾಡಲಿಲ್ಲ. ಕೇಳಿದ ಕಡೆ ಸಹಿ ಮಾಡಿದ, ಕೀಲಿ ತಾನೇ ಕೊಟ್ಟ. ಬಾಗಿಲಿಗೆ ಅರಗಿನ ಮುದ್ರೆ ಬೀಳುವಾಗ ಓಣಿ ತುಂಬ ಜನ. "ಯಾವ ಮಗ ಬರ್ದಾನ ಅರ್ಜಿ? ನಾಳಿ ನಾವು ಯಾರ ಬಲ್ಲಿ ಹೋಗೂದು?" ಎಂದು ಒಬ್ಬ ಮುದುಕಿ ಕೂಗುತ್ತಿದ್ದಳು. ಯೂನುಸ ನನ್ನ ಕಡೆ ನೋಡಿದ. ನನ್ನ ನೋಟ್‌ಬುಕ್ಕನ್ನು ನೋಡಿದ. ಅರ್ಧ ಕುಡಿದಿದ್ದ ಗ್ಲಾಸನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದ.

ನಾನು ಎದ್ದು ಗುರಪ್ಪನ ಎದುರಿಗೇ ಹೋಗಿ ನಿಂತೆ. ಅವನು ನನ್ನನ್ನು ನೋಡಬೇಕು, ಯಾರೆಂದು ತಿಳಿಯಬೇಕು. ಹದಿನೆಂಟು ತಿಂಗಳು ಈ ಗಳಿಗೆಗೆ ಕಾದಿದ್ದೆ. ಅವನು ನೋಡಿದ. ಕೈ ಮುಗಿದ.

"ನಿಮಗೂ ಆರಾಮಿಲ್ಲೇನ್ರಿ? ಇವತ್ತ ಬಂದ್ ಅದರಿ, ತಪ್ಪು ತಿಳ್ಕೋಬ್ಯಾಡ್ರಿ," ಎಂದ.

ಅಷ್ಟರಲ್ಲಿ ಉಮಾಶ್ರೀ ನನ್ನ ಕೈ ಬಿಡಿಸಿಕೊಂಡು ಅವನ ಮುಂದೆ ಹೋದಳು. ಅವಳ ದನಿ ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಾಗುವುದಿಲ್ಲ. ಓಣಿಗೆಲ್ಲ ಕೇಳಿತು.

"ನೀವು ನನಗ ಸೂಜಿ ಮಾಡಿದ್ರಿ. ಹತ್ತು. ಆಮ್ಯಾಲೆ ನನಗ ಕೇಳಸಲಿಲ್ಲ."

ಗುರಪ್ಪ ಅವಳ ಒಂದು ಕಿವಿಯ ಮಷಿನ್ ನೋಡಿದ, ಆಮೇಲೆ ಇನ್ನೊಂದರದು. ನಗು ಹೋಗಿತ್ತು. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆನ್ನು ನನ್ನ ಕಡೆ. ಏನೋ ಹೇಳತೊಡಗಿದ. ಜೀಪು ಚಾಲೂ ಆಗಿತ್ತು, ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಅವಳು ಕಣ್ಣು ಮಿಟುಕಿಸದೆ ಅವನ ತುಟಿ ನೋಡುತ್ತಿದ್ದಳು. ನಡುವೆ ಅವಳೂ ಏನೋ ಕೇಳಿದಳು, ಈ ಸಲ ಮೆಲ್ಲಗೆ. ಅವನು ಉತ್ತರ ಹೇಳಿದ. ಅವಳ ತಲೆ ಮುಟ್ಟಲು ಕೈ ಎತ್ತಿ, ಮುಟ್ಟದೆ ಕೆಳಗಿಳಿಸಿದ. ಆಮೇಲೆ ಜೀಪು ಹತ್ತಿದ.

ಅವಳಿಗೆ ಅವನು ಗೊತ್ತಿದ್ದ. ಮೊದಲ ದಿನದಿಂದಲೂ ಗೊತ್ತಿದ್ದ. ಎಂಟು ಸಲ ಆ ಬೆಂಚಿನಲ್ಲಿ ಕೂರಿಸಿದ್ದೆ.

ಬಸ್ಸಿನಲ್ಲಿ ಕೇಳಿದೆ. "ಏನಂದ ಅವ?"

ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಅವಳು ಮಾತು ಮುಗಿಸುವುದು ಹೀಗೆ. ಕಣ್ಣು ತೆಗೆದರೆ ಮುಗಿಯಿತು, ಎದುರಿಗಿದ್ದವನು ಏನು ಕೂಗಿದರೂ ಇಲ್ಲ.

ಸೆಪ್ಟೆಂಬರ್ 4, ಗುರುವಾರ

ಪಾಠಕ್ಕೆ ಹೋಗಿ ಬಂದೆವು. ಮತ್ತೆ ಕೇಳಿದೆ.

"ಅದು ನನಗ ಹೇಳಿದ್ದು," ಎಂದಳು. "ನಿನಗ ಅಲ್ಲ."

ಸೆಪ್ಟೆಂಬರ್ 6, ಶನಿವಾರ

ಮುದ್ರೆ ಬಿದ್ದ ಬಾಗಿಲನ್ನು ನೆನೆಸಿಕೊಂಡರೆ ಹೊಟ್ಟೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಆಗುವುದಿಲ್ಲ. ಅವನು ಎದುರಾಡಬೇಕಿತ್ತು. ಅಳಬೇಕಿತ್ತು. ನನ್ನ ಕಾಲು ಹಿಡಿಯಬೇಕಿತ್ತು. ನನ್ನ ಗುರುತಾದರೂ ಹತ್ತಬೇಕಿತ್ತು. ವಿಚಾರಣೆ ಮಾಡಿ ಬಿಟ್ಟ ಮೇಲೆ ಮುದನಾಳದಲ್ಲಿರುವ ಅಣ್ಣನ ಮನೆ ಸೇರಿದ್ದಾನಂತೆ. ಅಲ್ಲಿಗೂ ಹೋಗಬೇಕು ಅನಿಸುತ್ತದೆ.

ದಾವಲಬೀಯ ಮಗಳ ಬಗ್ಗೆ ಬೇಗಂ ಟೀಚರಿಗೆ ಹೇಳಿದ್ದೇನೆ. ಕರೆದುಕೊಂಡು ಬನ್ನಿ ಎಂದಿದ್ದಾರೆ. ದಾವಲಬೀ ನನ್ನನ್ನು ಮನೆಯೊಳಗೆ ಬಿಡುತ್ತಾಳೋ ಇಲ್ಲವೋ ಗೊತ್ತಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಅವನು ಅವಳಿಗೆ ಏನು ಹೇಳಿದ ಎಂಬುದು ಬಿಟ್ಟರೆ ಬೇರೆ ಯೋಚನೆಯಿಲ್ಲ. ಏನು ಹೇಳಿರಬಹುದು ಎಂಬುದು ನನಗೆ ಗೊತ್ತು. ಆದ್ದರಿಂದ ನಾನೂ ಬರೆದುಬಿಡುತ್ತೇನೆ.

ಹೋದ ವರ್ಷ ಮಾರ್ಚಿನಲ್ಲಿ ನಾನು ರಜೆಯ ಮೇಲೆ ಬಂದಿದ್ದೆ. ರಜೆ ಮುಗಿದ ದಿನ ಸಂಜೆ ಯಾದಗಿರಿಯಿಂದ ನನ್ನ ರೈಲು. ಬೆಳಿಗ್ಗೆ ಮಗುವಿಗೆ ಜ್ವರ ಕಾಣಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಪಾಳಿ ಉದ್ದವಿತ್ತು. ಕಸ್ತೂರಿ ಪಾಳಿಯಲ್ಲೇ ನಿಲ್ಲೋಣ ಎಂದಳು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಗುರಪ್ಪನ ಬಾಗಿಲಿಗೆ ನಡೆದೆ. ಅವನು ಹಣೆ ಮುಟ್ಟಿ ನೋಡಿದ. "ಸಣ್ಣ ಕೂಸು ಅದರಿ. ಸೂಜಿ ಬ್ಯಾಡ. ಗುಳಿಗಿ ಕೊಡ್ತೀನಿ, ಮೂರು ದಿನ ನೋಡ್ರಿ," ಎಂದ.

ನಾನು ಹೇಳಿದೆ. "ಗುಳಿಗಿ ಕೊಡಾಕ ನೀವ್ಯಾಕ ಬೇಕ್ರಿ? ಜೋರಿಂದು ಸೂಜಿ ಮಾಡ್ರಿ. ನಾ ಹೋಗೂದ್ರಾಗ ಜ್ವರ ಇಳೀಬೇಕು."

ಹದಿನಾರು ಹಾಳೆಯ ಅರ್ಜಿಯಲ್ಲಿ ಈ ಮಾತಿಲ್ಲ. ಆಗಸ್ಟಿನ ಆ ಸಂಜೆ ಕಸ್ತೂರಿ ಕೇಳಿದ್ದೂ, ನಾನು ಬರೆಯದೆ ಬಿಟ್ಟದ್ದೂ ಇದನ್ನೇ. "ಸೂಜಿ ಮಾಡ್ರಿ ಅಂದವ್ರು ಯಾರ್ರಿ?" ದಾವಲಬೀಗೆ ನಾನು ಅಂದದ್ದನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ, ಇವತ್ತು ಓದಿಕೊಂಡೆ.

ಗುರಪ್ಪನನ್ನು ಕ್ಷಮಿಸುವುದಿಲ್ಲ. ಗೊತ್ತಿಲ್ಲದ ಔಷಧವನ್ನು ಹತ್ತು ಸಲ ಚುಚ್ಚಿದವನು ಅವನೇ. ಆಗುವುದಿಲ್ಲ ಎನ್ನಬಹುದಿತ್ತು, ಮಿಲಿಟರಿ ಮನುಷ್ಯನಿಗೆ ಅಂಜಿ ಅನ್ನಲಿಲ್ಲ. ಆ ಬಾಗಿಲು ಮುಚ್ಚಬೇಕಾದದ್ದೇ, ಮುಚ್ಚಿದೆ. ಆದರೆ ಅವನು ಉಮಾಶ್ರೀಗೆ ಹೇಳುವ ಮೊದಲು ನಾನು ಹೇಳಬೇಕಿತ್ತು. ಈಗ ಅವನು ಹೇಳಿಯಾಗಿದೆ.

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆ ಉಮಾಶ್ರೀಯನ್ನು ಮಾಳಿಗೆಗೆ ಕರೆದೆ. ಮಳೆ ಬಿದ್ದು ಗುಡ್ಡ ಹಸಿರಾಗಿದೆ. ನನ್ನ ಮುಖಕ್ಕೆ ಬಿಸಿಲು ಬೀಳುವಂತೆ ಪೂರ್ವಕ್ಕೆ ತಿರುಗಿ ಕೂತು, ಅವಳನ್ನು ಎದುರಿಗೆ ಕೂರಿಸಿಕೊಂಡೆ. ಬೇಗಂ ಟೀಚರು ಹೇಳಿಕೊಟ್ಟಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ. ಆಸ್ಪತ್ರೆಯ ಪಾಳಿ, ನನ್ನ ರೈಲು, ಅವನು ಬೇಡ ಎಂದದ್ದು, ನಾನು ಮಾಡ್ರಿ ಎಂದದ್ದು. ಅವಳು ನಡುವೆ ಏನೂ ಕೇಳಲಿಲ್ಲ, ಕಣ್ಣು ತೆಗೆಯಲೂ ಇಲ್ಲ. ಪೂರ್ತಿ ಮುಗಿಯಲು ಬಿಟ್ಟಳು.

"ಗೊತ್ತದ," ಎಂದಳು.

"ಅವ ಹೇಳಿದನೇನು ನಿನಗ?"

"ಅವ ನಿನ್ನ ಸುದ್ದೀನೇ ಹೇಳಲಿಲ್ಲ. ತಪ್ಪು ನನ್ನದವ್ವಾ, ನನ್ನದೊಬ್ಬಂದೇ ಅಂದ."

"ಮತ್ತ ಹೆಂಗ ಗೊತ್ತು?"

"ನಾ ನಿನ್ನ ತೊಡಿ ಮ್ಯಾಲೇ ಕುಂತಿದ್ದೆನಲ್ಲಪ್ಪಾ. ಆವಾಗ ನನಗ ಕೇಳ್ತಿತ್ತು."

ನಾನು ಏನೋ ಹೇಳಿದೆ. ಏನೆಂದು ನೆನಪಿಲ್ಲ. ನೆಲ ನೋಡುತ್ತಿದ್ದೆ. ಅವಳು ಎದ್ದು ಬಂದು, ಎರಡೂ ಕೈಯಿಂದ ನನ್ನ ಗದ್ದ ಹಿಡಿದು ಮೇಲಕ್ಕೆತ್ತಿದಳು.

"ತಲಿ ಎತ್ತಿ ಹೇಳು. ತುಟಿ ಕಾಣವಲ್ದು."